ಬನ್ನಿ ಮಡಿಯಲ್ಲಿ ಹುಟ್ಟಿದ ಜಾಲಿ

ಬನ್ನಿ ಎಲೆಗೂ ಬಳ್ಳಾರಿ ಜಾಲಿ ಎಲೆಗೂ ವ್ಯತ್ಯಾಸ ಗೊತ್ತಿಲ್ಲದವರು ಗಿಡ ಬೆಳೆಸುವ ಕೆಲಸಕ್ಕೆ ಬರಬಾರದು. ಬಂದರೂ ಗೊತ್ತಿರುವವರನ್ನು ಕೇಳಬೇಕು. ಕೇಳಲು ಮರ್ಯಾದೆ ಅಡ್ಡ ಬಂದರೆ ಬಾಯಿ ಮುಚ್ಚಿಕೊಂಡಾದರೂ ಇರಬೇಕು. ಈ ಮೂರರಲ್ಲಿ ಒಂದನ್ನೂ ಮಾಡದವರ ಕೈಕೆಳಗೆ ನಾನು ಇಪ್ಪತ್ತು ವರ್ಷದ ಮೇಲೆ ದುಡಿದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವಾಗ ಒತ್ತಕ್ಷರ ತಪ್ಪುತ್ತವೆ. ನನ್ನ ತಂಗಿಯ ಮಗಳು ಟೀಚರು, ಅವಳು ತಿದ್ದಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ. ಕೆಲಸ ಮಾಡಿದ್ದು ಚಳ್ಳಕೆರೆ ಸೀಮೆಯ ಒಂದು ಸರ್ಕಾರಿ ನರ್ಸರಿಯಲ್ಲಿ. ಯಾವುದು ಎಂದು ಬರೆಯುವುದಿಲ್ಲ. ಈಗ ಅಲ್ಲಿರುವ ಹೆಣ್ಣುಮಕ್ಕಳಿಗೆ ನನ್ನಿಂದ ತೊಂದರೆ ಆಗುವುದು ಬೇಡ. ಕೂಲಿಯಾಗಿ ಸೇರಿದ್ದು, ಆಮೇಲೆ ಕಾಯಂ ಆದದ್ದು, ಅರವತ್ತಕ್ಕೆ ಮನೆಗೆ ಕಳಿಸಿದ್ದು, ಇವೆಲ್ಲ ಎಲ್ಲರಿಗೂ ಆಗುವುದೇ. ಬಿಡಿ.

ಹೋದ ಯುಗಾದಿ ಮುಗಿದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ನಾಲ್ಕು ಹುಡುಗಿಯರು ನನ್ನ ಮನೆಗೆ ಬಂದಿದ್ದರು.

‘ಅಜ್ಜೀ, ಗಿಡದ ಗುರುತು ಹಿಡಿಯಾದು ಹೆಂಗೆ ಅಂತ ಹೇಳಿಕೊಡ್ರಿ.’

‘ಫೋನ್ನಾಗೆ ಎಲೆ ಫೋಟೋ ತೆಗೆದ್ರೆ ಅದೇ ಹೆಸರು ಹೇಳ್ತೈತಂತಲ್ಲೇ. ನನ್ನತ್ರ ಯಾಕೆ ಬಂದ್ರಿ?’

‘ಅದು ಮುಳ್ಳಿರೋದಕ್ಕೆಲ್ಲ ಒಂದೇ ಹೆಸರು ಹೇಳ್ತೈತೆ ಕಣಜ್ಜಿ’ ಎಂದು ಒಬ್ಬಳು ನಕ್ಕಳು.

ನಮ್ಮ ಸಾಹೇಬರೂ ಹಾಗೇ ಇದ್ದರು. ಆ ಮಾತು ಕೇಳಿದ ಮೇಲೆ ನನಗೆ ಹಳೆಯದೆಲ್ಲ ನೆನಪಾಗಿ ಆವತ್ತು ಊಟ ಸೇರಲಿಲ್ಲ. ಸಿಟ್ಟಿಗೆ.

ಮೊದಲು ಗುರುತಿನ ಮಾತು. ನನಗೆ ಇದನ್ನು ಕಲಿಸಿದ್ದು ನಮ್ಮವ್ವ. ಅವಳು ಸೊಪ್ಪು ತರುತ್ತಿದ್ದಳು. ಗದ್ದೆಗೆ ಹೊಂಗೆ ಸೊಪ್ಪು, ಆಡಿಗೆ ಬನ್ನಿ ಸೊಪ್ಪು, ತಲೆ ತೊಳೆಯಲು ಚುಜ್ಜಲ ಸೊಪ್ಪು. ತಪ್ಪು ಸೊಪ್ಪು ತಂದರೆ ಆಡಿನ ಹೊಟ್ಟೆ ಉಬ್ಬುತ್ತಿತ್ತು, ಅವ್ವನ ಕೈ ನನ್ನ ಬೆನ್ನಿಗೆ ಬೀಳುತ್ತಿತ್ತು. ಹಾಗೆ ಕಲಿತದ್ದು ಮರೆಯುವುದಿಲ್ಲ.

ಎಲೆ ನೋಡುವುದೆಂದರೆ ಒಂದು ಎಲೆ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ನೋಡುವುದಲ್ಲ. ಕಿತ್ತ ಎಲೆ ಅರ್ಧ ಸುಳ್ಳು ಹೇಳುತ್ತದೆ. ರೆಂಬೆಯ ಮೇಲಿರುವಾಗಲೇ ನೋಡಬೇಕು. ಎಲೆ ಎದುರು ಬದುರಾಗಿ ಬಂದಿದೆಯೋ, ಒಂದು ಆ ಕಡೆ ಒಂದು ಈ ಕಡೆ ಬಂದಿದೆಯೋ. ತಿರುಗಿಸಿದರೆ ಹಿಂಬದಿ ಬಿಳುಚಿಕೊಂಡಿದೆಯೋ. ಚಿವುಟಿದರೆ ಹಾಲು ಬರುತ್ತದೋ, ಅಂಟು ಬರುತ್ತದೋ. ಮುಳ್ಳಿದ್ದರೆ ಅದು ಹುಟ್ಟುವ ಜಾಗ ಯಾವುದು. ಹೂ ಬಿಟ್ಟಿದ್ದರೆ ಯಾವ ತಿಂಗಳಲ್ಲಿ ಬಿಟ್ಟಿತು. ಬೇವಿನ ಎಲೆ ಒಂದೇ ಸಲ ಗರಿ ಬಿಚ್ಚುತ್ತದೆ, ಹೂ ಬಿಳಿ, ಜೇನಿನ ವಾಸನೆ. ಹುಚ್ಚುಬೇವಿನ ಎಲೆ ಗರಿಯೊಳಗೆ ಇನ್ನೊಂದು ಗರಿ ಬಿಚ್ಚುತ್ತದೆ, ಹೂವಿಗೆ ನೇರಳೆಯ ಛಾಯೆ. ಇದನ್ನು ಹೇಳಿಕೊಡಲು ಎಷ್ಟು ಹೊತ್ತು ಬೇಕು? ಆದರೂ ಹುಚ್ಚುಬೇವನ್ನು ಬೇವು ಎಂದು ಶಾಲೆಗಳಿಗೆ ಹಂಚಿದವರನ್ನು ನೋಡಿದ್ದೇನೆ.

ಇನ್ನೊಬ್ಬ ಸಾಹೇಬರಿದ್ದರು, ನಾನು ಈಗ ಹೇಳಲಿರುವವರಿಗಿಂತ ಮೊದಲಿನವರು. ಗಂಧದ ಸಸಿಯ ಎಲೆ ಹಿಸುಕಿ ಮೂಗಿಗೆ ಹಿಡಿದರು. ವಾಸನೆ ಇಲ್ಲ. ‘ಇದು ಗಂಧ ಅಲ್ಲ, ಯಾವುದೋ ಕಳೆ, ಕೀಳಿಸಿ’ ಎಂದರು. ಗಂಧದ ವಾಸನೆ ಇರುವುದು ಎಲೆಯಲ್ಲಲ್ಲ, ಮರದ ಒಳಗಿನ ಗಟ್ಟಿ ಚೇಗಿನಲ್ಲಿ, ಅದೂ ವಯಸ್ಸಾದ ಮೇಲೆ. ಹೇಳಿದೆವು. ಕೇಳಲಿಲ್ಲ. ಎರಡು ಮಡಿ ಗಂಧದ ಸಸಿ ನಮ್ಮ ಕೈಯಿಂದಲೇ ಕೀಳಿಸಿದರು. ಸರ್ಕಾರಿ ಕೆಲಸದಲ್ಲಿ ಇದೊಂದು ವಿಚಿತ್ರ: ಗೊತ್ತಿಲ್ಲದವನು ಹೇಳಬೇಕು, ಗೊತ್ತಿರುವವನು ಕೀಳಬೇಕು.

ಅವರು ಹೋದ ಮೇಲೆ ಬಂದವರೇ ನಾನು ಹೇಳಹೊರಟ ಸಾಹೇಬರು. ಹೆಸರು ಬೇಡ. ಅಂಗಿ ಇಸ್ತ್ರಿ, ಕೈಯಲ್ಲಿ ದಪ್ಪ ಪುಸ್ತಕ. ಕೆಟ್ಟ ಮನುಷ್ಯ ಎನ್ನಲಾರೆ. ಹೆಣ್ಣಾಳುಗಳನ್ನು ಕೆಟ್ಟ ಮಾತಿನಲ್ಲಿ ಬೈದವರಲ್ಲ. ಆದರೆ ಬರೆದದ್ದೇ ನಿಜ, ನಿಂತಿರುವ ಮರ ಸುಳ್ಳು ಎಂಬ ಜಾತಿಯವರು. ಬಂದ ವರ್ಷವೇ ಆಫೀಸಿನ ಮುಂದಿನ ಮರಗಳಿಗೆಲ್ಲ ಹೆಸರು ಬರೆದ ತಗಡು ಹೊಡೆಸಿದರು. ಬಸವನಪಾದದ ಮರಕ್ಕೆ ‘ಕಮರ’ ಎಂಬ ತಗಡು ಬಿತ್ತು.

ಎರಡರ ಎಲೆಯೂ ಎತ್ತಿನ ಗೊರಸಿನ ಹಾಗೆ ಕಾಣುತ್ತದೆ, ನಿಜ. ಆದರೆ ಬಸವನಪಾದದ್ದು ಒಂದೇ ಎಲೆ, ತುದಿಯಲ್ಲಿ ಸೀಳಿದೆ, ಅಷ್ಟೆ. ಕಮರದ್ದು ಬುಡದಿಂದಲೇ ಬೇರೆಯಾದ ಎರಡು ಎಲೆ, ಒಂದು ತೊಟ್ಟಿನ ಮೇಲೆ ಜೋಡಿಯಾಗಿ ಕೂತಿರುತ್ತವೆ. ಒಂದನ್ನು ಕಿತ್ತರೆ ಇನ್ನೊಂದು ಇದ್ದಲ್ಲೇ ಇರುತ್ತದೆ. ಎರಡು ಬೆರಳಿನ ಕೆಲಸ. ಅದೂ ಹೋಗಲಿ, ಆವತ್ತು ಮರ ಅಂಗೈಯಗಲದ ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿತ್ತು. ಕಮರದ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು.

‘ಸಾಹೇಬ್ರೇ, ಇದು ಬಸವನಪಾದ’ ಎಂದೆ.

‘ತಗಡು ಬರೆಸಿ ಆಯಿತಲ್ಲಮ್ಮ’ ಎಂದರು.

ನಾನು ಕೆಲಸ ಬಿಡುವ ದಿನವೂ ಆ ತಗಡು ಅಲ್ಲೇ ಇತ್ತು.

ಇದು ನಗುವ ಮಾತು. ಮುಂದಿನದು ಅಲ್ಲ.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು, ಬೇಸಿಗೆ ಮುಗಿಯುತ್ತಾ ಬಂದಿತ್ತು. ಮೊಳಕಾಲ್ಮೂರು ಕಡೆಯ ಒಂದು ಹಟ್ಟಿಯಿಂದ ಪಾಲಯ್ಯ ಎಂಬ ಹಿರಿಯರು ನರ್ಸರಿಗೆ ಬಂದರು. ಮನೆಯಲ್ಲಿ ತೆಲುಗು ಆಡುವ, ದನ ಸಾಕುವ ಜನ. ಅವರ ಹಟ್ಟಿಯ ಹಿಂದೆ ಒಂದು ಕಾವಲು, ಅಂದರೆ ದನ ಮೇಯುವ ಬಯಲು. ಅದರಲ್ಲಿ ಗಿಡ ಹಾಕಿಸುತ್ತೇವೆ, ನಿಮಗೆ ಯಾವ ಗಿಡ ಬೇಕು ಎಂದು ಇಲಾಖೆಯವರು ಹಟ್ಟಿಯವರನ್ನೇ ಕೇಳಿದ್ದರು. ಕೇಳಿದ್ದೇ ಅಪರೂಪ. ಪಾಲಯ್ಯ ಒಂದೇ ಗಿಡದ ಹೆಸರು ಹೇಳಿದ್ದರು. ಬನ್ನಿ. ಬೀಜ ಎಲ್ಲಿಂದಲೋ ತರಿಸುತ್ತಾರೆ ಎಂದು ಗೊತ್ತಾಗಿ, ತಾವೇ ಕಾಯಿ ಆರಿಸಿ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ, ಎರಡು ಬಸ್ಸು ಬದಲಾಯಿಸಿ ತಂದಿದ್ದರು.

‘ಏಮಮ್ಮಾ, ಬೀಜ ನೋಡ್ಕಳ್ಳೋ ಮಾರಕ್ಕ ನೀನೇನಾ?’

‘ನಾನೇ. ಏನು ತಂದೀರಿ ದೊಡ್ಡಪ್ಪ?’

‘ಜಮ್ಮಿ ಕಾಯಿ. ನಿಮ್ಮ ಮಾತ್ನಾಗೆ ಬನ್ನಿ. ನಮ್ಮ ಗುಡಿ ಹಿಂದಿನ ಮರದ್ದು, ಕೊಡ್ಲಿ ತಾಗಿಸಿಲ್ಲ ಯಾರೂ. ಇದರಾಗೆ ಬೇರೇದು ಬೆರಸಬ್ಯಾಡ ತಲ್ಲೀ. ಆ ಕಡೆ ಅರ್ಧ ಕಾವಲು ಬಳ್ಳಾರಿ ಜಾಲಿ ನುಂಗೈತೆ. ಉಳ್ದಿರಾದು ಇದೊಂದು ಅರ್ಧ. ಇದೂ ಹೋದ್ರೆ ನಾವು ದನ ಬಿಟ್ಟು ಬ್ಯಾರೆ ಏನಾರ ನೋಡ್ಕಬೇಕು.’

‘ಬೆರಸಲ್ಲ’ ಎಂದೆ.

ಅದನ್ನು ಹೇಳಿದ್ದು ನಾನೇ. ನೆನಪಿಟ್ಟುಕೊಳ್ಳಿ.

ಊರ ಕಡೆಯವರಿಗೆ ಗೊತ್ತು, ಆದರೂ ಹೇಳುತ್ತೇನೆ. ಬನ್ನಿ ಬಿರುಬಿಸಿಲಿನಲ್ಲಿ ಎಲ್ಲ ಮರ ಬೋಳಾಗಿರುವಾಗ ಚಿಗುರುತ್ತದೆ. ಎಲೆ ದನಕ್ಕೆ, ಕಾಯಿ ಆಡಿಗೆ, ನೆರಳು ಎಲ್ಲರಿಗೆ. ಬುಡದಲ್ಲಿ ಹುಲ್ಲು ಬೆಳೆಯಲು ಬಿಡುತ್ತದೆ. ಬಳ್ಳಾರಿ ಜಾಲಿಯ ಬುಡದಲ್ಲಿ ಏನೂ ಏಳುವುದಿಲ್ಲ. ಅದರ ಮುಳ್ಳು ದನದ ಗೊರಸಿಗೆ ಹೊಕ್ಕರೆ ಕೀವಾಗುತ್ತದೆ. ಕಡಿದರೆ ಎರಡರಷ್ಟು ಚಿಗುರುತ್ತದೆ. ಒಂದು ಗಿಡ ನೆಟ್ಟು ಹತ್ತು ವರ್ಷ ಸುಮ್ಮನಿದ್ದರೆ ಸಾಕು, ಆಮೇಲೆ ಆ ನೆಲ ಅದರದ್ದು. ನೋಡಲು ಮಾತ್ರ ಎರಡೂ ಅಕ್ಕತಂಗಿಯರ ಹಾಗೆ.

ಈಗ ಬೀಜದ ವಿಷಯ. ಬನ್ನಿ ಬೀಜದ ಸಿಪ್ಪೆ ಗಟ್ಟಿ, ಹಾಗೇ ಹಾಕಿದರೆ ಎಷ್ಟೋ ಮೊಳೆಯುವುದಿಲ್ಲ. ಕೆಲವರು ಬಿಸಿನೀರು ಹಾಕುತ್ತಾರೆ. ನಮ್ಮಲ್ಲಿ ಮೊದಲಿನಿಂದ ಮಾಡುತ್ತಿದ್ದದ್ದು ಬೇರೆ. ಕಾಯಿಯನ್ನು ಆಡಿಗೆ ತಿನ್ನಿಸುವುದು. ಆಡು ತಿರುಳು ತಿಂದು ಬೀಜವನ್ನು ಹಿಕ್ಕೆಯಲ್ಲಿ ಹಾಕುತ್ತದೆ. ಬೆಳಿಗ್ಗೆ ಹಿಕ್ಕೆ ಗುಡಿಸಿ, ನೆನೆಸಿ, ತೊಳೆದರೆ ಬೀಜ ಸಿಗುತ್ತದೆ. ಆ ಬೀಜ ಮಡಿಯಲ್ಲಿ ಸಲೀಸಾಗಿ ಮೊಳೆಯುತ್ತದೆ. ಆದರೆ ಇದಕ್ಕೊಂದು ಕಟ್ಟುಪಾಡಿದೆ. ಕಾಯಿ ತಿನ್ನಿಸುವ ಮೊದಲು ಆಡುಗಳನ್ನು ಮೂರು ದಿನ ರೊಪ್ಪದಲ್ಲಿ ಕೂಡಿ, ಒಣ ಜೋಳದ ಸೊಪ್ಪೆ ಮಾತ್ರ ಹಾಕಬೇಕು. ಮೊದಲು ಮೇದದ್ದೆಲ್ಲ ಹೊಟ್ಟೆಯಿಂದ ಹೋಗಬೇಕು. ಯಾಕೆಂದರೆ ಆಡು ಬೇಸಿಗೆಯಲ್ಲಿ ಏನು ಮೇಯುತ್ತದೆ? ಕೆರೆ ಅಂಗಳದಲ್ಲಿ ಉದುರಿದ ಬಳ್ಳಾರಿ ಜಾಲಿಯ ಕಾಯಿ.

ಕೆರೆ ಕಡೆಯಿಂದಲೇ ಹನ್ನೆರಡು ಆಡು ಕೇಳಿ ತಂದು ಕೂಡಿದ್ದೆ. ಮಾರನೇ ದಿನ ಸಾಹೇಬರು ಬಂದರು.

‘ಇನ್ನೂ ಯಾಕೆ ಕಾಯಿ ಹಾಕಿಲ್ಲ?’

‘ಮೂರು ದಿನ ಆಗ್ಲಿ ಸಾಹೇಬ್ರೇ. ಹೊಟ್ಟೆ ಖಾಲಿ ಆಗ್ಬೇಕು.’

‘ಯಾರ ಹೊಟ್ಟೆ?’

‘ಆಡಿಂದು.’

‘ಆಡಿಗೆ ಉಪವಾಸ ಮಾಡಿಸಬೇಕು ಅಂತ ಯಾವ ಪುಸ್ತಕದಲ್ಲಿದೆ, ತೋರಿಸಮ್ಮ ನೋಡೋಣ. ನಾಡಿದ್ದು ಮೇಲಿನವರು ಬರುತ್ತಾರೆ. ಬನ್ನಿ ಮಡಿ ಬಿತ್ತನೆ ಆಗಿದೆ ಅಂತ ನಾನು ಹೇಳಿಯಾಗಿದೆ.’

ನಾನು ಆವತ್ತು ಆಗುವುದಿಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಒಂದು ದಿನವಂತೂ ಕೂಡಿದ್ದೇನಲ್ಲ, ಬಹಳ ಪಾಲು ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪಾಲಯ್ಯನವರ ಗಂಟು ಬಿಚ್ಚಿ ಕಾಯಿ ಹಾಕಿದೆ. ಆಡುಗಳು ಕರುಂ ಕುರುಂ ತಿಂದವು. ಹಿಕ್ಕೆಯಿಂದ ತೊಳೆದು ತೆಗೆದ ಬೀಜ ಎಲ್ಲ ಕಂದು, ಎಲ್ಲ ಹೊಳಪು. ಬೀಜ ನೋಡಿ ಇದು ಅದು, ಅದು ಇದು ಎಂದು ಹೇಳಲು ಆಗ ನನ್ನಿಂದಲೂ ಆಗಲಿಲ್ಲ.

ಸಾಹೇಬರನ್ನು ಎಷ್ಟು ಬೈದರೂ ಆ ಒಂದು ತಪ್ಪು ನನ್ನದು. ಅದನ್ನು ಬಚ್ಚಿಟ್ಟು ಉಳಿದದ್ದನ್ನು ಬರೆದರೆ ನಾನೂ ತಗಡು ಹೊಡೆದ ಹಾಗೆ.

ಮೊಳಕೆ ಒಡೆದವು. ಮೊದಲ ಜೋಡಿ ಎಲೆ ಯಾವ ಗಿಡದ್ದಾದರೂ ಒಂದೇ ಥರ. ಅಲ್ಲಿಂದ ಚೀಲಕ್ಕೆ ಕಿತ್ತು ಹಾಕಿದೆವು. ಶ್ರಾವಣದಲ್ಲಿ ನನ್ನ ಜತೆ ಕೆಲಸ ಮಾಡುತ್ತಿದ್ದ ನಿಂಗಮ್ಮ ನೀರು ಬಿಡುತ್ತಾ ಕೂಗಿದಳು.

‘ಯಕ್ಕಾ, ಬನ್ನಿ ಮಡೀನಾಗೆ ಕೆಲವು ಬಲೇ ಜೋರಾಗಿ ಏಳ್ತಾವೆ ನೋಡು. ನಿನ್ನ ಕೈಗುಣ ಚಲೋ ಐತೆ.’

ಬನ್ನಿ ಜೋರಾಗಿ ಏಳುವ ಗಿಡವೇ ಅಲ್ಲ. ಅದು ಮೊದಲು ಬೇರು ಇಳಿಸುತ್ತದೆ, ಮೇಲಕ್ಕೆ ಏಳುವುದು ಆಮೇಲೆ. ಓಡಿಹೋಗಿ ಕೂತು ನೋಡಿದೆ. ಕುಳ್ಳಗಿದ್ದವುಗಳ ಎಲೆ ಸಣ್ಣ, ಬೂದಿ ಬಳಿದಂಥ ಹಸಿರು. ಕಾಂಡದ ಮೇಲೆ ಪುಟ್ಟ ಮುಳ್ಳು ಎಲ್ಲೆಂದರಲ್ಲಿ, ಎರಡು ಗೆಣ್ಣಿನ ನಡುವೆಯೂ ಇದ್ದವು. ಅದು ಬನ್ನಿ. ಉದ್ದ ಎದ್ದವುಗಳ ಎಲೆ ಉದ್ದ, ಬಿಡಿಬಿಡಿ, ಗಿಣಿ ಹಸಿರು. ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ ಇತ್ತು, ನಡುವೆ ಕಾಂಡ ನುಣ್ಣಗಿತ್ತು. ಅದು ಬಳ್ಳಾರಿ ಜಾಲಿ. ಹತ್ತರಲ್ಲಿ ಮೂರು ಅವೇ.

‘ಆಡು ಮೋಸ ಮಾಡ್ತಲ್ಲೇ ಯಕ್ಕಾ’ ಎಂದಳು ನಿಂಗಮ್ಮ.

‘ಆಡು ಏನು ಮಾಡ್ತೈತೆ, ತಿಂದದ್ದು ಹಾಕ್ತು. ಮಾಡ್ದೋಳು ನಾನು.’

ಒಂದೊಂದು ಸಸಿ ಎತ್ತಿಕೊಂಡು ಆಫೀಸಿಗೆ ಹೋದೆ. ಎರಡನ್ನೂ ಮೇಜಿನ ಮೇಲೆ ಇಟ್ಟು, ಎಲೆ ತೋರಿಸಿ, ಮುಳ್ಳು ತೋರಿಸಿ, ನನ್ನ ತಪ್ಪನ್ನೂ ಹೇಳಿದೆ. ಆರಿಸಿ ತೆಗೆದುಬಿಡುತ್ತೇನೆ, ಹೊಸ ಬೀಜ ಬಿತ್ತೋಣ ಎಂದೆ. ಸಾಹೇಬರು ಮೇಜು ಕೊಳೆಯಾಯಿತು ಎಂದು ಮೊದಲು ಮಣ್ಣು ಒರೆಸಿದರು. ಆಮೇಲೆ ಪುಸ್ತಕ ತೆಗೆದರು. ಎರಡು ಗಿಡದ ಇಂಗ್ಲಿಷ್ ಹೆಸರು ತೋರಿಸಿದರು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಎರಡರ ಮೊದಲ ಮಾತು ಒಂದೇ ಎಂದು ಅಕ್ಷರದ ರೂಪದಲ್ಲೇ ಕಂಡಿತು.

‘ನೋಡಿದೆಯಾ? ಎರಡೂ ಒಂದೇ ಕುಲ. ಸುಮ್ಮನೆ ಗಾಬರಿ ಮಾಡಬೇಡ.’

‘ಸಾಹೇಬ್ರೇ, ನಿಮ್ದೂ ನಿಮ್ಮ ತಮ್ಮಂದೂ ಮನೆತನದ ಹೆಸರು ಒಂದೇ ಅಲ್ವಾ? ನಾಳೆ ಅವರು ಬಂದು ನಿಮ್ಮ ಕುರ್ಚಿ ಮ್ಯಾಲೆ ಕುಂತ್ರೆ ಮೇಲಿನೋರು ಒಪ್ತಾರಾ?’

ಬಾಗಿಲಲ್ಲಿದ್ದ ಜವಾನ ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದ. ಸಾಹೇಬರ ಮುಖ ಕೆಂಪಾಯಿತು. ‘ನಾಲಿಗೆ ಉದ್ದ ಆಯಿತು ನಿನಗೆ’ ಎಂದರು. ಮಾರನೇ ದಿನದಿಂದ ನನ್ನನ್ನು ಮಡಿಗಳ ಹತ್ತಿರ ಬಿಡಲಿಲ್ಲ. ಮಣ್ಣು ಜರಡಿ ಹಿಡಿದು ಚೀಲ ತುಂಬುವ ಕೆಲಸಕ್ಕೆ ಹಾಕಿದರು. ಎಂಟು ಹತ್ತು ತಿಂಗಳು ಮಣ್ಣು ತುಂಬಿದೆ. ಮಣ್ಣು ತುಂಬುವುದಕ್ಕೆ ನನಗೆ ಬೇಸರವಿಲ್ಲ. ಕಣ್ಣೆದುರು ಜಾಲಿಗೆ ದಿನಾ ನೀರು ಹಾಕುತ್ತಿದ್ದರಲ್ಲ, ಅದನ್ನು ನೋಡಲು ಆಗುತ್ತಿರಲಿಲ್ಲ. ಇಷ್ಟು ಚಂದ ಜಾಲಿ ಬೆಳೆಸಿದ ನರ್ಸರಿ ಬೇರೆಲ್ಲೂ ಇರಲಿಕ್ಕಿಲ್ಲ.

ಮುಂದಿನ ಮುಂಗಾರು ಹತ್ತಿರ ಬಂತು. ಸಸಿ ಹಟ್ಟಿಗೆ ಹೋಗಬೇಕು. ಸಾಹೇಬರು ಒಂದು ವಾರ ಮೀಟಿಂಗಿಗೆ ಹೋಗಿದ್ದರು. ನಾನೂ ನಿಂಗಮ್ಮನೂ ಊಟದ ಬಿಡುವಿನಲ್ಲಿ ಸಸಿ ಆರಿಸಲು ಕೂತೆವು. ಈಗ ಮೊಣಕಾಲುದ್ದ ಬಂದಿದ್ದವು, ಮುಳ್ಳು ಬಲಿತಿತ್ತು, ಗುರುತು ಸಲೀಸು. ನಾಲ್ಕು ದಿನಕ್ಕೆ ಜಾಲಿಯನ್ನೆಲ್ಲ ತೆಗೆದು ಹೊಂಗೆ ಮರದ ಕೆಳಗೆ ಒಟ್ಟಿದೆವು. ಕೈಯೆಲ್ಲ ಗೀರು. ನಿಂಗಮ್ಮ ಮುದ್ದೆ ಮುರಿಯಲಾಗದೆ ಎಡಗೈಯಲ್ಲಿ ತಿಂದು, ‘ಇದೊಂದು ಕೆಲಸಕ್ಕೆ ನಿನ್ನ ಆಡುಗಳನ್ನ ಕರಕೊಂಬಾ’ ಎಂದು ಬೈದಳು.

ಐದನೇ ದಿನ ಬೆಳಿಗ್ಗೆ ಬಂದು ನೋಡಿದರೆ ಹೊಂಗೆ ಮರದ ಕೆಳಗೆ ನೆಲ ಗುಡಿಸಿದ ಹಾಗಿತ್ತು. ಗೇಟಿನಲ್ಲಿ ಲಾರಿ ತುಂಬಿ ನಿಂತಿತ್ತು. ಲಾರಿಯವನು ಚಳ್ಳಕೆರೆಯ ಖಾಜಾ. ಒಳ್ಳೆಯ ಮನುಷ್ಯ, ಲಾರಿ ಕೆಟ್ಟರೆ ತಾನೇ ಮಲಗಿ ರಿಪೇರಿ ಮಾಡುತ್ತಿದ್ದ, ಸಸಿ ಬಾಡದ ಹಾಗೆ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದ.

‘ಖಾಜಾ, ಮರದ ಕೆಳಗಿಟ್ಟಿದ್ದ ಸಸಿ ಎಲ್ಲಿ?’

‘ಲೋಡ್ ಆಯ್ತಲ್ಲಕ್ಕಾ. ಮೀಟಿಂಗ್ ಬೇಗ ಮುಗೀತಂತೆ, ಸಾಹೇಬ್ರು ನಿನ್ನೆ ಸಂಜೇನೇ ಬಂದವ್ರೆ. ಎಣಿಸಿದ್ರೆ ಕಮ್ಮಿ ಬಂತಂತೆ. ಸಬ್ ಡಾಲೋ ಅಂದ್ರು, ನಮ್ಮ ಹಮಾಲಿಗಳು ಎಲ್ಲಾ ಮಿಕ್ಸ್ ಮಾಡಿ ತುಂಬವ್ರೆ.’

‘ಅದು ಜಾಲಿ ಕಣೋ!’

‘ಅರೇ, ನನಗೆ ಮುಳ್ಳೆಲ್ಲ ಒಂದೇ ಅಕ್ಕಾ, ಟೈರಿಗೆ ಚುಚ್ಚಿದ್ರೆ ಮಾತ್ರ ಗೊತ್ತಾಗ್ತದೆ.’

ನಾನು ಲಾರಿಯ ಬಾಗಿಲು ತೆಗೆದು ಹತ್ತಿ ಕೂತೆ. ಖಾಜಾ ಕಣ್ಣು ಬಿಟ್ಟ. ‘ಹಾಜರಿ ಹೋಗ್ತದೆ ಅಕ್ಕಾ.’

‘ಹೋಗ್ಲಿ. ನಡಿ.’

ದಾರಿಯುದ್ದಕ್ಕೂ ಪಾಲಯ್ಯನವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಹೇಗೆ ಹೇಳಿದರೂ ಮಾತು ಒಂದೇ.

ಹಟ್ಟಿಯವರು ಕಾವಲಿನಲ್ಲಿ ಗುಂಡಿ ತೆಗೆದು ಕಾಯುತ್ತಿದ್ದರು. ಪಾಲಯ್ಯ ತೆಂಗಿನಕಾಯಿ, ಊದುಬತ್ತಿ ಹಿಡಿದು ನಿಂತಿದ್ದರು. ನಾನು ಇಳಿದು, ಕಾಯಿ ಒಡೆಯಬೇಡಿ ದೊಡ್ಡಪ್ಪ, ಮೊದಲು ನನ್ನ ಮಾತು ಕೇಳಿ ಎಂದು ಎಲ್ಲವನ್ನೂ ಹೇಳಿದೆ. ಆಡಿನ ವಿಷಯ, ಒಂದೇ ದಿನ ಕೂಡಿದ್ದು, ಆರಿಸಿದ್ದು, ಮತ್ತೆ ಬೆರೆಸಿದ್ದು.

ಅವರು ತೆಂಗಿನಕಾಯಿ, ಊದುಬತ್ತಿ ನೆಲಕ್ಕಿಟ್ಟರು.

‘ಬೆರಸಲ್ಲ ಅಂದಿದ್ದಿ.’

‘ಅಂದಿದ್ದೆ.’

‘ಸರ್ಕಾರದೋರು ಮಾತು ತಪ್ತಾರೆ ಅಂತ ಗೊತ್ತಿತ್ತಮ್ಮಾ. ನೀನು ಸೊಪ್ಪು ಸೆದೆ ಗೊತ್ತಿರೋಳು ಅಂತ ನಿನ್ನ ಕೈಗೆ ಕೊಟ್ಟಿದ್ದೆ.’

ಅಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಜನ ಬೈದಿದ್ದಾರೆ. ಒಂದೂ ನೆನಪಿಲ್ಲ. ಇದು ಬೈಗುಳವೂ ಅಲ್ಲ; ಇದು ಮಾತ್ರ ಹೋಗಿಲ್ಲ.

ನಾನು ಲಾರಿಯ ಹಿಂದಿನ ಹಲಗೆ ಇಳಿಸಿಕೊಂಡು ನಿಂತೆ. ‘ಒಂದೊಂದೇ ಕೆಳಗೆ ಕೊಡ್ರಿ. ನಾನು ಹೇಳ್ದೆ ಒಂದೂ ಗುಂಡಿಗೆ ಹೋಗಬಾರ್ದು’ ಎಂದೆ. ಹಟ್ಟಿಯ ಹೆಂಗಸರು ಸಾಲು ನಿಂತರು. ಖಾಜಾ ಮೇಲಿನಿಂದ ಕೊಡುತ್ತಾ ಹೋದ. ಹಿಡಿ, ಕಾಂಡ ಸವರು, ಗೆಣ್ಣಿನ ನಡುವೆ ಮುಳ್ಳು ತಾಕಿತೋ, ನೆಡು. ನುಣ್ಣಗೈತೋ, ಆ ಕಡೆ ಬಿಸಾಡು. ಅರ್ಧ ಗಂಟೆಯಲ್ಲಿ ಹೆಂಗಸರು ಕಲಿತುಬಿಟ್ಟರು. ಒಂದು ಗಂಟೆಯ ಮೇಲೆ ಅವರಿಗೆ ನನ್ನ ಅಗತ್ಯವೇ ಇರಲಿಲ್ಲ. ‘ಇದು ಕಳ್ಳಿ, ಇದು ನಮ್ಮಾಕಿ’ ಎಂದು ನಗುತ್ತಾ ಆರಿಸತೊಡಗಿದರು. ಕೊನೆಗೆ ಖಾಜಾನೂ ಮೇಲಿನಿಂದಲೇ ‘ಇದು ಜಾಲಿ ನೋಡಕ್ಕಾ’ ಎಂದು ಎತ್ತಿ ತೋರಿಸುತ್ತಿದ್ದ. ಒಂದೂ ತಪ್ಪಲಿಲ್ಲ. ದಪ್ಪ ಪುಸ್ತಕ ಓದಿದವರಿಗೆ ಒಂದು ವರ್ಷದಲ್ಲಿ ಬಾರದ ವಿದ್ಯೆ ಲಾರಿಯವನಿಗೆ ಮಧ್ಯಾಹ್ನದೊಳಗೆ ಬಂತು. ಅವನಿಗೆ ನೋಡುವ ಮನಸ್ಸಿತ್ತು, ಅಷ್ಟೆ.

ತೆಗೆದ ಜಾಲಿಯನ್ನು ಹಳ್ಳದ ದಂಡೆಗೆ ಹೊತ್ತು ಒಟ್ಟಿದರು. ಒಣಗಿದ ಮೇಲೆ ಬೆಂಕಿ ಹಾಕಿ ಎಂದೆ. ಬನ್ನಿ ನೆಡುವುದು ಮುಗಿಯಬೇಕಿತ್ತು, ಮೋಡ ಕವಿದಿತ್ತು, ಎಲ್ಲರಿಗೂ ಅವಸರ. ಚೀಲ ಹರಿದು ಬೇರು ಮುರಿದು ಹಾಕಬೇಕಿತ್ತು. ಹಾಕಿಸಲಿಲ್ಲ. ಮಳೆ ಆ ಸಂಜೆಯೇ ಬಂತು.

ಮೂರನೇ ದಿನ ಸಾಹೇಬರು ಫೋಟೋದವನನ್ನು ಕರೆದುಕೊಂಡು ಹಟ್ಟಿಗೆ ಹೋದರು. ಹಳ್ಳದ ದಂಡೆಯ ರಾಶಿ ಕಂಡರು. ಮಾರನೇ ದಿನ ನನ್ನನ್ನು ಆಫೀಸಿಗೆ ಕರೆಸಿ ಟೈಪು ಮಾಡಿದ ಒಂದು ಹಾಳೆ ಮುಂದಿಟ್ಟರು.

‘ಸಹಿ ಹಾಕು.’

ನಾನು ನಿಂತುಕೊಂಡೇ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅವರು ಬೆರಳಿಂದ ಮೇಜು ಕುಟ್ಟುತ್ತಿದ್ದರು. ನಾನು ಇನ್ನೂ ನಿಧಾನ ಓದಿದೆ. ಅದರಲ್ಲಿ ಬರೆದದ್ದು ಇಷ್ಟು: ಕೂಲಿ ಮಾರಕ್ಕ ಯಾರ ಅಪ್ಪಣೆಯೂ ಇಲ್ಲದೆ ಇಂತಿಷ್ಟು ಬನ್ನಿ ಸಸಿಗಳನ್ನು ನಾಶ ಮಾಡಿರುತ್ತಾಳೆ.

‘ಸಾಹೇಬ್ರೇ, ಇದರಾಗೆ ಬನ್ನಿ ಅಂತ ಐತೆ.’

‘ಹೌದು.’

‘ಬಳ್ಳಾರಿ ಜಾಲಿ ಅಂತ ಬರೀರಿ. ಈಗಲೇ ಸಹಿ ಹಾಕ್ತೀನಿ.’

ಅವರು ಹಾಳೆಯನ್ನು ಮತ್ತೆ ನನ್ನ ಕಡೆಗೇ ತಳ್ಳಿದರು. ಜಾಲಿ ಎಂದು ಬರೆದರೆ, ಬನ್ನಿ ಇಷ್ಟು ಬೆಳೆಸಿದ್ದೇವೆ ಎಂದು ವರ್ಷವಿಡೀ ಮೇಲಕ್ಕೆ ಕಳಿಸಿದ ಕಾಗದವೆಲ್ಲ ಸುಳ್ಳಾಗಬೇಕು. ನನಗೆ ಭಯವಿತ್ತು, ಇಲ್ಲ ಎನ್ನುವುದಿಲ್ಲ. ಕೆಲಸ ಹೋದರೆ ಮನೆಯಲ್ಲಿ ನನ್ನ ದುಡಿಮೆ ಬಿಟ್ಟು ಬೇರೆ ಇರಲಿಲ್ಲ. ಆದರೂ ಒಂದು ವರ್ಷದ ಹಿಂದೆ ಆಡಿನ ರೊಪ್ಪದ ಮುಂದೆ ಹೇಳಬೇಕಿದ್ದ ‘ಆಗಲ್ಲ’ ಎಂಬ ಮಾತು ನನ್ನ ಬಾಯಿಗೆ ಬಂದದ್ದು ಆವತ್ತು. ತಡವಾಗಿಯೇ ಬಂತು.

‘ನಾಳೆಯಿಂದ ಬರಬೇಡ’ ಎಂದರು.

ಹೋಗಲಿಲ್ಲ. ಆ ಮಳೆಗಾಲವೆಲ್ಲ ಶೇಂಗಾ ಹೊಲದಲ್ಲಿ ಕಳೆ ತೆಗೆದೆ. ಹಾಳೆ ಸಹಿ ಇಲ್ಲದೆ ಎಲ್ಲೋ ಉಳಿಯಿತು. ಮತ್ತೆ ಬೀಜ ಆರಿಸುವ ಕಾಲ ಬಂದಾಗ ಕಗ್ಗಲಿ ಯಾವುದು, ಕರಿಜಾಲಿ ಯಾವುದು ಎಂದು ಯಾರಿಗೂ ತಿಳಿಯದೆ ಜವಾನನನ್ನು ನನ್ನ ಮನೆಗೆ ಕಳಿಸಿದರು. ‘ಸಾಹೇಬ್ರು ಹಳೇದೆಲ್ಲ ಮರೆತವ್ರೆ, ಬಾರಕ್ಕಾ’ ಎಂದ. ಅವರು ಮರೆತದ್ದಂತೆ! ಹೋದೆ. ಗಿಡದ ಮೇಲೆ ನನಗೆ ಸಿಟ್ಟಿರಲಿಲ್ಲ.

ಸಾಹೇಬರಿಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತು, ಹಾರ ಹಾಕಿ ಕಳಿಸಿದರು. ಆಮೇಲೆ ಬೀಜ ಲಾರಿಯಲ್ಲಿ ಮೂಟೆಗಟ್ಟಲೆ ಬರತೊಡಗಿತು. ಆಡಿನ ರೊಪ್ಪ ಕಿತ್ತುಹಾಕಿ ಅಲ್ಲಿ ಸ್ಕೂಟರ್ ನಿಲ್ಲಿಸುವ ಶೆಡ್ಡು ಮಾಡಿದರು. ಮೂಟೆಯ ಮೇಲೆ ಬರೆದ ಹೆಸರೇ ಹೆಸರು. ಮೊಳೆತ ಮೇಲೆ ಎಲೆ ನೋಡಿ, ಇದು ಅದಲ್ಲ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ‘ಮೂಟೆ ಮೇಲೆ ಇದೆಯಲ್ಲಮ್ಮ’ ಎನ್ನುತ್ತಿದ್ದರು. ತಗಡು ಹೋಗಿ ಮೂಟೆ ಬಂತು.

ಕೆಲಸ ಬಿಡುವ ಮುಂಚಿನ ವರ್ಷ, ನೆಟ್ಟು ಹತ್ತು ವರ್ಷದ ಮೇಲಾಗಿತ್ತು, ಒಂದು ಭಾನುವಾರ ಬಸ್ಸು ಹತ್ತಿ ಪಾಲಯ್ಯನವರ ಹಟ್ಟಿಗೆ ಹೋದೆ. ಅವರಿಗೆ ಕಣ್ಣು ಮಂಜಾಗಿತ್ತು. ದನಿಯಲ್ಲೇ ಗುರುತು ಹಿಡಿದು, ಕೋಲು ಊರಿಕೊಂಡು ಕಾವಲಿಗೆ ಕರೆದುಕೊಂಡು ಹೋದರು. ಬನ್ನಿಗಳು ಆಳೆತ್ತರ ಮೀರಿದ್ದವು. ಬೇಸಿಗೆ, ಸುತ್ತ ಎಲ್ಲ ಬೋಳು, ಅವು ಮಾತ್ರ ಚಿಗುರಿದ್ದವು. ಹಸುಗಳು ಕೆಳಗೆ ಮಲಗಿದ್ದವು. ಪಾಲಯ್ಯ ಒಂದು ರೆಂಬೆ ಬಗ್ಗಿಸಿ ಎರಡು ಬೆರಳಿಂದ ಕಾಂಡ ಸವರಿ, ‘ಇದು ನಮ್ಮಾಕಿ’ ಎಂದರು.

ಕಾವಲಿನ ಬಾಯಿಯಲ್ಲಿ ಇಲಾಖೆಯ ಕಲ್ಲಿನ ಬೋರ್ಡಿತ್ತು. ಬನ್ನಿ ನೆಡುತೋಪು ಎಂದು ಬರೆದು, ಕೆಳಗೆ ಸಾಹೇಬರ ಹೆಸರು, ಹುದ್ದೆ. ಓದಿ ಮುಗಿಸಿ ಈ ಕಡೆ ತಿರುಗಿದರೆ ಹಳ್ಳದ ದಂಡೆಯಲ್ಲಿ ಕತ್ತಲೆಗಟ್ಟಿದ ಹಾಗೆ ಒಂದು ಪೊದೆ. ಗಿಣಿ ಹಸಿರು.

‘ದೊಡ್ಡಪ್ಪಾ, ಅದೇನು ಆ ದಂಡೇಲಿ?’

‘ಅದಾ?’ ಎಂದು ಪಾಲಯ್ಯ ನಕ್ಕರು. ‘ಮಾರಕ್ಕನ ಜಾಲಿ.’

ಅಂದು ಒಟ್ಟಿದ ರಾಶಿ ಮಳೆಗೆ ಬೇರು ಬಿಟ್ಟಿತ್ತು. ಹಟ್ಟಿಯ ಮಕ್ಕಳೆಲ್ಲ ಅದನ್ನು ಕರೆಯುವುದೇ ಹಾಗಂತೆ. ಮಾರಕ್ಕನ ಜಾಲಿ ಹತ್ರ ಚೆಂಡು ಹೋಯ್ತು, ಮಾರಕ್ಕನ ಜಾಲಿ ಕಡೆ ಹೋಗಬ್ಯಾಡ ಮುಳ್ಳೈತೆ. ಮಾರಕ್ಕ ಯಾರೆಂದು ಅವಕ್ಕೆ ಗೊತ್ತಿಲ್ಲ.

ನನಗೆ ಉರಿದುಹೋಯಿತು. ಬನ್ನಿ ತೋಪಿಗೆ ಸಾಹೇಬರ ಹೆಸರು, ಜಾಲಿ ಪೊದೆಗೆ ನನ್ನ ಹೆಸರು! ‘ಇದೇನು ನ್ಯಾಯ ದೊಡ್ಡಪ್ಪಾ? ಆರಿಸಿ ತೆಗೆದೋಳು ನಾನು’ ಎಂದು ಅಲ್ಲೇ ಜಗಳಕ್ಕೆ ನಿಂತೆ.

‘ಹಾಕ್ದೋಳು?’ ಎಂದರು ಅವರು ಸಮಾಧಾನವಾಗಿ. ‘ಆ ಕಲ್ಲಿನ ಮ್ಯಾಲಿನ ಹೆಸರು ಸುಳ್ಳು, ಎಲ್ಲಾರಿಗೂ ಗೊತ್ತು. ಈ ಹೆಸರು ಸುಳ್ಳಾ, ನೀನೇ ಹೇಳಮ್ಮಾ.’

ನಾನು ನಿಂತು ಯೋಚಿಸಿದೆ. ಸುಳ್ಳಲ್ಲ. ಇಷ್ಟು ವರ್ಷ ಮರಗಳ ಮೇಲೆ, ಮೂಟೆಗಳ ಮೇಲೆ, ಹಾಳೆಗಳ ಮೇಲೆ ನಾನು ಕಂಡ ಹೆಸರುಗಳಲ್ಲಿ ಸರಿಯಾಗಿ ಇಟ್ಟದ್ದು ಅದೊಂದೇ ಇರಬೇಕು.

ಹಟ್ಟಿಯವರ ಹತ್ತಿರ ಕೊಡಲಿ, ಹಾರೆ ಕೇಳಿದೆ. ಆವತ್ತು ನಾಲ್ಕು ಬುಡ ಬೇರು ಸಮೇತ ತೆಗೆದೆವು. ಅಲ್ಲಿಂದ ಪ್ರತಿ ವರ್ಷ ಕಾಯಿ ಬಲಿಯುವ ಮೊದಲು ಹೋಗುತ್ತೇನೆ. ಮಂಡಿ ನೋಯುತ್ತದೆ, ಹೋಗುತ್ತೇನೆ. ಇನ್ನೂ ಆರೇಳು ಬುಡ ಉಳಿದಿವೆ.

ಹುಡುಗಿಯರೇ, ಎಲೆ ಹೂವಿನ ಗುರುತು ನೀವು ಹೇಗೋ ಕಲಿಯುತ್ತೀರಿ, ಅದು ಅರ್ಧ ಗಂಟೆಯ ಕೆಲಸ. ನನ್ನಿಂದ ಬೇರೊಂದು ಕಲಿಯಿರಿ. ಎದುರಿಗೆ ಯಾರು ನಿಂತಿರಲಿ, ಯಾವ ಪುಸ್ತಕ ಹಿಡಿದಿರಲಿ, ಆಡನ್ನು ಮೂರು ದಿನ ಕೂಡಿ. ಎರಡೂವರೆ ದಿನ ಅಲ್ಲ. ಮೂರು.